ಪಕ್ಕದ ಮನೆಯವರ ಬಿಪಿಎಲ್ ಕಾರ್ಡು: ದೂರು ಬರೆಯುವ ಮುಂಚೆ

(ಮಂಡ್ಯದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರೇಷನ್ ಕೊಡುವ ದಿನ ಸೊಸೈಟಿ ಮುಂದೆ ಸಾಲು ನಿಂತಿರುತ್ತದೆ. ಒಬ್ಬರು ವೈಟ್ ಬೋರ್ಡ್ ಕಾರಿನಲ್ಲಿ ಬಂದು ಇಳಿಯುತ್ತಾರೆ. ತಂಬ್ ಕೊಡುತ್ತಾರೆ, ನಾಲ್ಕು ಜನರ ಲೆಕ್ಕದ ಅಕ್ಕಿ ತೂಕ ಮಾಡಿಸಿ ಡಿಕ್ಕಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಹಿಂದೆ ಚೀಲ ಹಿಡಿದು ನಿಂತವರಿಗೆ ಹೊಟ್ಟೆ ಉರಿಯುತ್ತದೆ. ಆದರೆ ಹೋದವರು ಅಪರಿಚಿತರೇನಲ್ಲ. ಮೊನ್ನೆ ಹಬ್ಬಕ್ಕೆ ಕರೆದು ಊಟ ಹಾಕಿದವರು, ಮಗಳ ಮದುವೆಗೆ ಮುಯ್ಯಿ ಮಾಡಿದವರು. ಇವರ ಮೇಲೆ ತಾಲ್ಲೂಕು ಕಚೇರಿಗೆ ಬರೆದು ಹಾಕಬೇಕೋ, ಕಂಡೂ ಕಾಣದಂತೆ ಇರಬೇಕೋ? ಇವತ್ತಿನ ಮಾತು ಅಷ್ಟಕ್ಕೆ ಸೀಮಿತ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅನುಮಾನ ಸಾಮಾನ್ಯವಾಗಿ ಹುಟ್ಟುವುದು ಎದುರಿನವರ ಅಂತಸ್ತು ನೋಡಿ. ಸರ್ಕಾರ ನೋಡುವುದು ಅರ್ಹತೆಯನ್ನು. ಇವೆರಡೂ ಬೇರೆ ಬೇರೆ ಅಳತೆಗೋಲು. ಅರ್ಹತೆಯ ನಿಯಮ ಓದದೆ ಬರೆದ ದೂರು ಹತ್ತರಲ್ಲಿ ಹಲವು ಸಲ ತಪ್ಪು ಮನೆಯ ಬಾಗಿಲು ತಟ್ಟುತ್ತದೆ.

ಮೊದಲು ಯಾವ ಯೋಜನೆ ಎಂದು ಕೇಳಿಕೊಳ್ಳಿ. ‘ಅವರಿಗೆ ಏನು ಕಮ್ಮಿ, ಅವರೂ ಕರೆಂಟ್ ಬಿಲ್ ಕಟ್ಟಲ್ಲ’ ಎಂಬ ದೂರು ನಿಲ್ಲುವುದೇ ಇಲ್ಲ. ಗೃಹಜ್ಯೋತಿಗೆ ಆದಾಯದ ಮಿತಿ ಇಲ್ಲ. ಮನೆಯ ಸಂಪರ್ಕ ಆಗಿರಬೇಕು, ಬಳಕೆ 200 ಯೂನಿಟ್ ಒಳಗೆ ಇರಬೇಕು, ಬಾಡಿಗೆಯವರೂ ಅರ್ಹರು. ಬಸ್ಸಿನ ಶಕ್ತಿ ಯೋಜನೆಗೂ ಆದಾಯ ಕೇಳುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬಡವರಿಗೆ ಮಾತ್ರ ಎಂಬ ನಂಬಿಕೆ ಬಹಳ ಜನಕ್ಕಿದೆ. 2023ರ ಆಗಸ್ಟ್ 30ರಂದು ಇಲ್ಲೇ ಪಕ್ಕದ ಮೈಸೂರಿನಲ್ಲಿ ಚಾಲನೆ ಪಡೆದ ಯೋಜನೆ ಅದು. ಎಪಿಎಲ್ ಕಾರ್ಡಿನ ಯಜಮಾನಿಗೂ ಸಿಗುತ್ತದೆ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರು ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಮಾತ್ರ ಅನರ್ಹತೆ. ಮಹಡಿ ಮನೆ, ಕೊರಳಲ್ಲಿ ಎರಡೆಳೆ ಸರ, ಇವು ಆ ನಿಯಮದಲ್ಲೇ ಇಲ್ಲ.

ಪಿಎಂ-ಕಿಸಾನ್ ಬೇರೆ ಲೆಕ್ಕ. ವರ್ಷಕ್ಕೆ 6,000, ಮೂರು ಕಂತು. ಅಲ್ಲಿ ಎಷ್ಟು ಎಕರೆ ಎಂಬುದು ಅಡ್ಡಿಯಲ್ಲ. ಹತ್ತು ಎಕರೆ ಇದ್ದವರೂ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಬಾರದವರು ಯಾರೆಂದರೆ ತೆರಿಗೆ ಕಟ್ಟಿದವರು, ಗ್ರೂಪ್ ಡಿ ಬಿಟ್ಟು ಉಳಿದ ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಅದಕ್ಕೆ ಮೇಲ್ಪಟ್ಟು ಪಿಂಚಣಿ ಬರುವವರು, ವೃತ್ತಿ ನಡೆಸುವ ವೈದ್ಯರು, ವಕೀಲರು, ಎಂಜಿನಿಯರ್‌ಗಳು. ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಹಾಗಾಗಿ ಪಹಣಿ ಬೇರೆ ಮಾಡಿಕೊಂಡ ಅಣ್ಣತಮ್ಮ ಇಬ್ಬರಿಗೂ ಬಂದರೆ ಅದು ಮೋಸವಲ್ಲ. ಗಂಡನಿಗೂ ಹೆಂಡತಿಗೂ ಬರುತ್ತಿದ್ದರೆ ಪ್ರಶ್ನೆ ಕೇಳಬಹುದು.

ಇನ್ನು ಬಿಪಿಎಲ್ ಕಾರ್ಡು. ಕಚೇರಿ ಭಾಷೆಯಲ್ಲಿ ಇದಕ್ಕೆ ಆದ್ಯತಾ ಪಡಿತರ ಚೀಟಿ ಎನ್ನುತ್ತಾರೆ. ಜಗಳ ಹೆಚ್ಚು ಹುಟ್ಟುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕುಟುಂಬದ ವಾರ್ಷಿಕ ಆದಾಯ 1,20,000 ದಾಟಬಾರದು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಇರಬಾರದು. 3 ಹೆಕ್ಟೇರ್, ಅಂದರೆ ಏಳೂವರೆ ಎಕರೆ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಿರಬಾರದು. ಪಟ್ಟಣದಲ್ಲಾದರೆ 1,000 ಚದರ ಅಡಿ ಮೀರಿದ ಸ್ವಂತ ಪಕ್ಕಾ ಮನೆ ಇರಬಾರದು. ನಾಲ್ಕು ಚಕ್ರದ ವಾಹನ ಇರಬಾರದು, ಆದರೆ ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಒಂದು ಟ್ರ್ಯಾಕ್ಟರ್, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಇದ್ದರೆ ತಪ್ಪಿಲ್ಲ. ಯೆಲ್ಲೋ ಬೋರ್ಡ್ ಗಾಡಿ ನೋಡಿ ದೂರು ಬರೆಯುವವರು ಈ ಸಾಲನ್ನು ಎರಡು ಸಲ ಓದಬೇಕು.

ಆದಾಯದ ವಿಷಯದಲ್ಲಿ ನಮ್ಮ ಜಿಲ್ಲೆಯ ದೊಡ್ಡ ಎಡವಟ್ಟು ಕಬ್ಬಿನಿಂದ ಬರುತ್ತದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಲ್ಲಿ ಒಂದು ಎಕರೆಗೆ 40 ಟನ್ ಬಂತು ಅಂದುಕೊಳ್ಳಿ. ಟನ್ನಿಗೆ 3,000 ಎಂದು ಹಿಡಿದರೂ 1,20,000. ಬಿಪಿಎಲ್ ಮಿತಿಯೂ ಅಷ್ಟೇ! ಫ್ಯಾಕ್ಟರಿಗೆ ಹೊರಟ ಲಾರಿ ಎಣಿಸಿದವರು ‘ನೋಡಿ, ಒಂದೇ ಎಕರೆಗೆ ಲಿಮಿಟ್ ಮುಗೀತು’ ಅನ್ನುತ್ತಾರೆ. ಆದರೆ ಅದು ಬಂದ ಹಣ, ಉಳಿದ ಹಣವಲ್ಲ. ಕಟಾವಿನ ಕೂಲಿ, ಸಾಗಣೆ, ಬಿತ್ತನೆ ಕಬ್ಬು, ಗೊಬ್ಬರ, ಸಹಕಾರ ಸಂಘದ ಸಾಲದ ಕಂತು ಎಲ್ಲ ಅದರಲ್ಲೇ ಹೋಗಬೇಕು. ಬೆಳೆಯೂ ಒಂದು ವರ್ಷದ್ದು, ಬಿಲ್ಲು ಕೈಸೇರುವುದು ಇನ್ನೂ ತಡ. ಲಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಸಾಲದ ಪಾಸ್‌ಬುಕ್ ಬೀಳುವುದಿಲ್ಲ. ಹಾಗಾಗಿ ಆದಾಯ ಹಿಡಿದು ದೂರು ಬರೆಯಬೇಡಿ. ಅದನ್ನು ಹೊರಗಿನವರು ಸಾಬೀತು ಮಾಡಲಾಗದು. ಕಾರು, ನೌಕರಿ, ತೆರಿಗೆ, ಜಮೀನು, ಈ ನಾಲ್ಕಕ್ಕೆ ದಾಖಲೆ ಇರುತ್ತದೆ. ದಾಖಲೆ ಇರುವ ಕಡೆ ಮಾತ್ರ ದೂರಿಗೆ ಕಾಲು ಬರುತ್ತದೆ.

ಕಾರಿನಲ್ಲೂ ಒಂದು ಸೂಕ್ಷ್ಮವಿದೆ. ಭಾನುವಾರ ಬೆಳಿಗ್ಗೆ ನಮ್ಮ ಹಳ್ಳಿಗಳಲ್ಲಿ ನಿಂತಿರುವ ಕಾರುಗಳ ನಂಬರ್ ಪ್ಲೇಟ್ ನೋಡಿ. ನಮ್ಮ ಮಂಡ್ಯದ ಕೆಎ 11ಕ್ಕಿಂತ ಬೆಂಗಳೂರಿನ ನಂಬರುಗಳೇ ಕಾಣುತ್ತವೆ. ಮಗ ಬಾಡೂಟಕ್ಕೆ ಬಂದಿದ್ದಾನೆ, ಸಂಜೆ ವಾಪಸ್. ಅವನ ಹೆಸರು ಅಪ್ಪ ಅಮ್ಮನ ಕಾರ್ಡಿನಲ್ಲಿ ಇಲ್ಲದಿದ್ದರೆ ಆ ಕಾರಿಗೂ ಕಾರ್ಡಿಗೂ ಸಂಬಂಧವಿಲ್ಲ. ಹೆಸರು ಇನ್ನೂ ಇದ್ದರೆ ಇಡೀ ಕುಟುಂಬ ಅನರ್ಹವಾಗುತ್ತದೆ. ನಮ್ಮ ಕಡೆ ‘ಸುಳ್ಳು ಕಾರ್ಡು’ ಎನಿಸಿಕೊಂಡ ಅನೇಕ ಪ್ರಕರಣಗಳ ಮೂಲ ಇಷ್ಟೇ: ಮಗನಿಗೆ ಕೆಲಸ ಸಿಕ್ಕಿತು, ಹೆಸರು ತೆಗೆಸಲಿಲ್ಲ. ಇದು ದುರುದ್ದೇಶವೂ ಇರಬಹುದು, ಸೋಮಾರಿತನವೂ ಇರಬಹುದು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಪಿಂಚಣಿಗಳ ಬಗ್ಗೆ ಎರಡು ಮಾತು. ಅಂಗವಿಕಲರ ಮಾಸಾಶನಕ್ಕೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ‘ಬೈಕ್ ಓಡಿಸ್ತಾನೆ, ಅವನಿಗ್ಯಾಕೆ’ ಎನ್ನುವವರು 2016ರ ಕಾಯ್ದೆ 21 ಬಗೆಯ ವೈಕಲ್ಯ ಹೇಳುತ್ತದೆ ಎಂಬುದನ್ನು ಮರೆಯುತ್ತಾರೆ. ಶ್ರವಣದೋಷ, ಬೌದ್ಧಿಕ ವೈಕಲ್ಯ, ಥಲಸೇಮಿಯಾ, ಹಿಮೋಫೀಲಿಯಾ, ಇವು ಯಾವುವೂ ಕುಂಟುತ್ತಾ ನಡೆಯುವುದಿಲ್ಲ. ವಿಧವಾ ವೇತನ ಮರುಮದುವೆಯಾದರೆ ನಿಲ್ಲುತ್ತದೆ. ಆದರೆ ‘ಅವಳ ಮನೆಗೆ ಯಾರೋ ಬಂದು ಹೋಗ್ತಾರೆ’, ‘ಯಾರನ್ನೋ ಕೂಡಿಕೊಂಡಿದ್ದಾಳಂತೆ’ ಎಂಬ ಮಾತು ಹಿಡಿದು ತಿಂಗಳಿಗೆ 800 ರೂಪಾಯಿಯ ಮೇಲೆ ಅರ್ಜಿ ಬರೆಯುವುದು ನನ್ನ ದೃಷ್ಟಿಯಲ್ಲಿ ವಂಚನೆ ಪತ್ತೆಯಲ್ಲ, ಹೆಂಗಸಿನ ಮೇಲೆ ಕಾವಲು. ಅದನ್ನು ಬಿಟ್ಟುಬಿಡಿ.

ಸತ್ತವರ ಹೆಸರಿನ ಪಿಂಚಣಿ ಮಾತ್ರ ಹಾಗಲ್ಲ. ಅಜ್ಜ ತೀರಿಕೊಂಡು ಎರಡು ವರ್ಷವಾದರೂ ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿ 1,200 ಬರುತ್ತಲೇ ಇದೆ, ಎಟಿಎಂ ಕಾರ್ಡು ಮೊಮ್ಮಗನ ಹತ್ತಿರ ಇದೆ. ಇಲ್ಲಿ ಅರ್ಹತೆಯ ಚರ್ಚೆಯೇ ಇಲ್ಲ. ಸಾಮಾನ್ಯ ಕಾರಣ ಮರಣ ನೋಂದಣಿ ಮಾಡಿಸದೇ ಇರುವುದು. ಕಾನೂನಿನ ಪ್ರಕಾರ 21 ದಿನದೊಳಗೆ ಮಾಡಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ತಡವಾದಷ್ಟೂ ಆ ಮನೆಯವರಿಗೇ ಕಷ್ಟ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯೂ ಅದೇ ಪ್ರಮಾಣಪತ್ರಕ್ಕೆ ಕಾಯುತ್ತಿರುತ್ತದೆ. ‘ಮರಣ ಪ್ರಮಾಣಪತ್ರ ಮಾಡಿಸಿದ್ರಾ?’ ಎಂದು ಕೇಳುವುದು ಯಾರಿಗೂ ಮುಜುಗರವಾಗದ ದಾರಿ. ನೋಂದಣಿಯಾದರೆ ಪಿಂಚಣಿ ನಿಲ್ಲುವ ಹಾದಿ ಸುಗಮವಾಗುತ್ತದೆ.

ಹಾಗಾದರೆ ನಿಜವಾಗಿ ಅನರ್ಹರು ಎಂದು ಗೊತ್ತಿದ್ದರೂ ಸುಮ್ಮನಿರಬೇಕೇ ಎಂದು ಕೇಳಬಹುದು. ಬೇಡ. ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಅದರಡಿ ಕೇಂದ್ರ ಅಕ್ಕಿ ಕೊಡುವುದು ರಾಜ್ಯಕ್ಕೆ ನಿಗದಿಯಾದ ಸಂಖ್ಯೆಗೆ ಮಾತ್ರ; ಕರ್ನಾಟಕಕ್ಕೆ ಅದು ಸುಮಾರು 4.01 ಕೋಟಿ ಜನ, ಲೆಕ್ಕ 2011ರ ಜನಗಣತಿಯದ್ದು. ಸಂಖ್ಯೆಗೆ ಮಿತಿ ಇರುವುದರಿಂದ, ಇರಬಾರದವರು ಒಳಗಿದ್ದರೆ ಇರಬೇಕಾದವರು ಹೊರಗೆ ನಿಲ್ಲುತ್ತಾರೆ. ಹೊಸ ಕಾರ್ಡಿಗೆ ಅಲೆಯುತ್ತಿರುವ ಗಾರೆ ಕೆಲಸದವರನ್ನು, ಆಲೆಮನೆ ಕೂಲಿಯವರನ್ನು ಕೇಳಿ ನೋಡಿ. ಹಣದ ಲೆಕ್ಕದಲ್ಲೂ ಚಿಕ್ಕದಲ್ಲ: 2023ರಲ್ಲಿ ಸರ್ಕಾರ ಅಕ್ಕಿ ಬದಲು ದುಡ್ಡು ಕೊಟ್ಟಾಗ ಕೆ.ಜಿ.ಗೆ 34 ರೂಪಾಯಿ ಹಾಕಿತ್ತು. ಆ ದರದಲ್ಲಿ, ತಲೆಗೆ 10 ಕೆ.ಜಿ. ಎಂದು ಹಿಡಿದರೆ, ನಾಲ್ಕು ಜನರ 40 ಕೆ.ಜಿ. ಅಂದರೆ ತಿಂಗಳಿಗೆ 1,360, ವರ್ಷಕ್ಕೆ 16,320.

ಆದರೆ ಇದೇ ಲೆಕ್ಕವನ್ನು ಅಂಗಡಿಯ ಕಡೆಗೂ ತಿರುಗಿಸಿ. 500 ಕಾರ್ಡಿರುವ ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡಿಗೆ ಒಂದೇ ಕೆ.ಜಿ. ತೂಕ ಹೊಡೆದರೆ ತಿಂಗಳಿಗೆ 500 ಕೆ.ಜಿ. ಹನ್ನೆರಡು ಸುಳ್ಳು ಕಾರ್ಡುಗಳಿಗಿಂತ ಅದು ಹೆಚ್ಚು. ರೇಷನ್ ಅಕ್ಕಿಯನ್ನು ಮನೆಮನೆಯಿಂದ ಕೊಂಡು ಪಾಲಿಶ್ ಮಾಡಿಸಿ ಮಾರುವವರು, ದುಡ್ಡು ತೆಗೆದುಕೊಂಡು ಸುಳ್ಳು ಆದಾಯ ಪ್ರಮಾಣಪತ್ರ ಮಾಡಿಸಿಕೊಡುವ ಬ್ರೋಕರು, ಇವರ ಮೇಲೆ ಹಿಂದುಮುಂದು ನೋಡದೆ ಬರೆಯಿರಿ. ಪಡಿತರ ಅಕ್ಕಿಯ ಅಕ್ರಮ ಮಾರಾಟಕ್ಕೆ 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು ಇದೆ. ಪಕ್ಕದ ಮನೆಯ ಮೇಲೆ ಬರೆಯಲು ಇರುವ ಉತ್ಸಾಹದ ಅರ್ಧದಷ್ಟು ಇಲ್ಲಿ ಕಂಡರೆ ಸಾಕಿತ್ತು.

ಪರಿಚಯದವರ ವಿಷಯಕ್ಕೆ ಬರೋಣ. ಮೊದಲ ಹೆಜ್ಜೆ ಮಾತು, ಅದೂ ಒಬ್ಬರೇ ಇದ್ದಾಗ. ಅರಳಿಕಟ್ಟೆ ಮೇಲೆ ನಾಲ್ಕು ಜನರ ಮುಂದೆ ಆಡಿದರೆ ಮರ್ಯಾದೆ ಪ್ರಶ್ನೆಯಾಗಿ ಅವರು ಕಾರ್ಡು ಬಿಡುವುದೇ ಇಲ್ಲ. ಹೀಗೆ ಶುರು ಮಾಡಬಹುದು: ‘ಏನ್ ಕಣಣ್ಣ, ಕಾರು ತಗೊಂಡೋರ ಲಿಸ್ಟು, ಟ್ಯಾಕ್ಸ್ ಕಟ್ಟೋರ ಲಿಸ್ಟು ಎಲ್ಲ ಆಹಾರ ಇಲಾಖೆಯೋರು ತಾಳೆ ನೋಡ್ತಾವ್ರಂತೆ. ನಿನ್ ಕಾರ್ಡ್ ಇನ್ನೂ ಬಿಪಿಎಲ್ಲೇ ಐತಾ? ಮಗನ ಹೆಸ್ರು ತೆಗೆಸ್ದಾ? ವಸಿ ನೋಡ್ಕೊ, ಆಮೇಲೆ ರಿಕವರಿ ಅಂತ ಬಂದ್ರೆ ತಲೆನೋವು.’ ಇದು ಬೆದರಿಕೆಯಲ್ಲ, ನಿಜ ಸಂಗತಿ. ವಾಹನ ನೋಂದಣಿ, ತೆರಿಗೆ, ನೌಕರರ ವೇತನದ ದಾಖಲೆಗಳ ಜೊತೆ ಇಲಾಖೆ ಕಾರ್ಡುಗಳನ್ನು ತಾಳೆ ಹಾಕುತ್ತದೆ. ನೀವು ಬರೆಯದಿದ್ದರೂ ಹೆಸರು ಬರುವ ಸಾಧ್ಯತೆ ಇದ್ದೇ ಇದೆ.

ಅವರು ಕಾರ್ಡು ಬಿಡದಿರಲು ಕಾರಣ ಅಕ್ಕಿಯಲ್ಲ, ಆಸ್ಪತ್ರೆ. ಇದನ್ನು ಅರ್ಥ ಮಾಡಿಕೊಳ್ಳದೆ ಈ ಮಾತುಕತೆ ಸಾಗುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಅಕ್ಕಿಯನ್ನು ಕೋಳಿಗೆ ಹಾಕುವವರೂ ಕಾರ್ಡನ್ನು ಬೀರುವಿನಲ್ಲಿ ಇಟ್ಟಿರುತ್ತಾರೆ, ‘ನಾಳೆ ಹಾರ್ಟಿಗೆ ಏನಾದ್ರೂ ಆದ್ರೆ’ ಎಂಬ ಭಯಕ್ಕೆ. ಎಪಿಎಲ್‌ನವರಿಗೂ ಅದೇ ಯೋಜನೆಯಲ್ಲಿ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ ಎಂದು ತಿಳಿಸಿ. ಪೂರ್ತಿ ಕೈಬಿಟ್ಟಂತೆ ಆಗುವುದಿಲ್ಲ ಎಂದು ಗೊತ್ತಾದರೆ ಕೆಲವರಾದರೂ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ ಆದ್ಯತೇತರ, ಅಂದರೆ ಎಪಿಎಲ್, ಕಾರ್ಡಿಗೆ ಬದಲಿಸಿಕೊಳ್ಳಲು ಅರ್ಜಿ ಕೊಡುತ್ತಾರೆ. ಪಿಎಂ-ಕಿಸಾನ್ ಹಣವನ್ನು ಅದರ ಜಾಲತಾಣದಲ್ಲೇ ಸ್ವಯಂಪ್ರೇರಿತವಾಗಿ ಹಿಂತಿರುಗಿಸಬಹುದು.

ಮಾತಿಗೆ ಜಗ್ಗಲಿಲ್ಲ, ಇಲ್ಲವೇ ಮಾತಾಡುವಷ್ಟು ಸಲಿಗೆ ಇಲ್ಲ. ಆಗ ಬರವಣಿಗೆ. ನಮ್ಮ ಕಚೇರಿಗಳಿಗೆ ಬರುವ ದೂರುಗಳ ಮಾದರಿ ಹೀಗಿರುತ್ತದೆ: ‘ಇವರು ಆಗರ್ಭ ಶ್ರೀಮಂತರು, ಬಂಗಲೆ, ಒಡವೆ, ಬಡ್ಡಿ ವ್ಯವಹಾರ ಇದೆ, ಸರ್ಕಾರಕ್ಕೆ ಮೋಸ ಮಾಡಿ ಬಡವರ ಅನ್ನ ಕಿತ್ತುಕೊಂಡಿದ್ದಾರೆ, ಕಠಿಣ ಕ್ರಮ ಜರುಗಿಸಿ.’ ಇದರಲ್ಲಿ ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲ. ಅದರ ಬದಲು ಹೀಗೆ ಬರೆಯಿರಿ:

‘ತಹಶೀಲ್ದಾರರಿಗೆ. ವಿಷಯ: ಆದ್ಯತಾ ಪಡಿತರ ಚೀಟಿಯ ಅರ್ಹತೆ ಪರಿಶೀಲಿಸುವ ಬಗ್ಗೆ. ಇಂಥ ಗ್ರಾಮದ ಇಂಥ ಸಂಖ್ಯೆಯ ಪಡಿತರ ಚೀಟಿಯ ಸದಸ್ಯರೊಬ್ಬರ ಹೆಸರಿನಲ್ಲಿ ಇಂಥ ನೋಂದಣಿ ಸಂಖ್ಯೆಯ ಸ್ವಂತ ಬಳಕೆಯ ಕಾರು ಇದೆ ಎಂದು ನನಗೆ ತಿಳಿದುಬಂದಿದೆ. ದಾಖಲೆ ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.’

ಇಷ್ಟೇ. ‘ಮೋಸ’, ‘ವಂಚನೆ’ ಎಂಬ ಪದ ಇಲ್ಲ. ತೀರ್ಮಾನವನ್ನು ಅಧಿಕಾರಿಗೆ ಬಿಟ್ಟಿದೆ. ನೀವು ಕಂಡದ್ದಷ್ಟು ಬರೆಯಿರಿ, ಕೇಳಿದ್ದನ್ನು ‘ಕೇಳಿದ್ದೇನೆ’ ಎಂದೇ ಬರೆಯಿರಿ. ಕಾರ್ಡಿನ ಸಂಖ್ಯೆ ಗೊತ್ತಿಲ್ಲದಿದ್ದರೆ ಯಜಮಾನಿಯ ಹೆಸರು, ಗಂಡನ ಅಥವಾ ತಂದೆಯ ಹೆಸರು, ಬೀದಿ, ಅಂಗಡಿ ಯಾವುದು ಎಂಬುದನ್ನು ಸೇರಿಸಿ. ನಮ್ಮ ಹಳ್ಳಿಗಳಲ್ಲಿ ಒಂದೇ ಊರಿನಲ್ಲಿ ನಾಲ್ಕು ಜನ ಜಯಮ್ಮ, ಐದು ಜನ ಬೋರೇಗೌಡ ಇರುತ್ತಾರೆ. ಬರೀ ಹೆಸರು ಬರೆದು ಕೊಟ್ಟರೆ ಪರಿಶೀಲನೆ ಬೇರೆ ಜಯಮ್ಮನ ಮನೆಗೆ ಹೋಗುತ್ತದೆ.

ಎರಡು ಪ್ರತಿ ಮಾಡಿ. ಒಂದನ್ನು ತಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ನೇರವಾಗಿ ಶಿರಸ್ತೇದಾರರ ಕೈಗೆ ಕೊಟ್ಟು ಬಂದ ಕಾಗದಕ್ಕೆ ಲೆಕ್ಕ ಇರುವುದಿಲ್ಲ. ಪಡಿತರಕ್ಕೆ 1967, ಯಾವುದೇ ಇಲಾಖೆಗೆ ರಾಜ್ಯದ 1902 ಸಹಾಯವಾಣಿ ಇದೆ. ಅಲ್ಲಿ ಸಿಗುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದೆರಡು ತಿಂಗಳು ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಅವರ ಆದಾಯ, ಬ್ಯಾಂಕ್ ವಿವರ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಹಿಂಬರಹ ಬರುತ್ತದೆ. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ’ ಎಂದು ಕೇಳಿ. ಲೋಕಾಯುಕ್ತಕ್ಕೆ ಹೋಗುತ್ತೇನೆ ಎನ್ನುವವರಿದ್ದಾರೆ. ಅದು ಸಾರ್ವಜನಿಕ ನೌಕರರ ಮೇಲಿನ ದೂರಿಗೆ, ಕಾರ್ಡುದಾರರ ಮೇಲಿನದ್ದಕ್ಕಲ್ಲ.

ಹೆಸರು ಹಾಕಬೇಕೇ? ಹೆಸರಿಲ್ಲದ ಮೂಕರ್ಜಿ ಬಹಳ ಸಲ ಕಡತಕ್ಕೇ ಏರುವುದಿಲ್ಲ. ಹೆಸರು ಹಾಕಿ, ಗೋಪ್ಯವಾಗಿಡಿ ಎಂದು ಅರ್ಜಿಯಲ್ಲೇ ಬರೆಯಬಹುದು. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕಲಂನಲ್ಲಿ, ಕಾನೂನು ಜಾರಿಗೆಂದು ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತನ್ನು ಬಿಟ್ಟುಕೊಡದಿರಲು ಅವಕಾಶವಿದೆ. ಆದರೆ ಕಾಯ್ದೆ ಒಂದು ಕಡೆ, ಊರು ಒಂದು ಕಡೆ. ಗ್ರಾಮ ಆಡಳಿತಾಧಿಕಾರಿ ಬಂದು ಅಕ್ಕಪಕ್ಕದವರನ್ನು ಕೇಳಿ ಹೋದ ಸಂಜೆಯೊಳಗೆ ಬರೆದದ್ದು ಯಾರು ಎಂಬ ಅಂದಾಜು ಹಾಲಿನ ಡೈರಿ ಮುಂದೆ ಆಗಿಯೇ ಆಗಿರುತ್ತದೆ. ಅದಕ್ಕೆ ತಯಾರಿದ್ದೇ ಬರೆಯಬೇಕು. ಇಬ್ಬರ ನಡುವೆ ಬದುವಿನ ತಕರಾರೋ ಕೋರ್ಟ್ ಕೇಸೋ ಇದ್ದರಂತೂ ದೂರು ಎಷ್ಟೇ ನಿಜವಾಗಿರಲಿ, ಸೇಡು ಎಂದೇ ಓದಿಕೊಳ್ಳುತ್ತಾರೆ.

ಕಾನೂನಿನ ಭಯವೂ ಸರಿಯಾದ ಅಳತೆಯಲ್ಲಿರಲಿ. ಸುಳ್ಳೆಂದು ಗೊತ್ತಿದ್ದೂ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂನಲ್ಲಿ ಒಂದು ವರ್ಷದವರೆಗೆ ಸಜೆ ಅಥವಾ 10,000ದವರೆಗೆ ದಂಡ. ಸದುದ್ದೇಶದಿಂದ, ಅಧಿಕಾರ ಇರುವವರಿಗೆ ಕೊಟ್ಟ ದೂರು ಮಾನಹಾನಿ ಆಗದು, 356ನೇ ಕಲಂನಲ್ಲಿ ಅದಕ್ಕೆ ವಿನಾಯಿತಿ ಇದೆ. ಅದೇ ವಿಷಯವನ್ನು ಫೋಟೊ ಸಮೇತ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಆ ರಕ್ಷಣೆ ಸಿಗುತ್ತದೆಂದು ನಂಬಿಕೊಳ್ಳಬೇಡಿ. ‘ಸಾಲ ವಾಪಸ್ ಕೊಡು, ಇಲ್ಲ ಕಾರ್ಡಿನ ಮೇಲೆ ಬರೀತೀನಿ’ ಎಂದರಂತೂ ನೀವೇ ಸುಲಿಗೆಯ ಆರೋಪಿ ಆಗಬಹುದು.

ದೂರು ತಪ್ಪಾದರೆ ಆಗುವುದೇನು ಎಂಬುದನ್ನು ಮುಚ್ಚಿಡಬಾರದು. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ಗದ್ದಲವಾದದ್ದು ನೆನಪಿರಬಹುದು. ಕೊನೆಗೆ ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಿ ಎಂದು ಸರ್ಕಾರ ಹೇಳಬೇಕಾಯಿತು. ರದ್ದಾಗುವುದು ಕಂಪ್ಯೂಟರಿನ ಒಂದು ಒತ್ತಿನಲ್ಲಿ, ಮರಳಿ ಬರುವುದು ನಾಡಕಚೇರಿ, ರೆವಿನ್ಯೂ ಇನ್ಸ್‌ಪೆಕ್ಟರ್, ತಹಶೀಲ್ದಾರ್ ಎಂದು ತಿಂಗಳುಗಟ್ಟಲೆ ಓಡಾಟದಲ್ಲಿ. ಆ ಮಧ್ಯೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಯಲ್ಲಿದ್ದರೆ ಕಾರ್ಡು ಇಲ್ಲದ ಒಂದೊಂದು ವಾರವೂ ದೊಡ್ಡದು. ಹಾಗಾಗಿ ಅರ್ಜಿಯಲ್ಲಿ ‘ರದ್ದುಪಡಿಸಿ’ ಎಂದು ಬರೆಯಬೇಡಿ, ‘ನೋಟಿಸ್ ನೀಡಿ ಪರಿಶೀಲಿಸಿ’ ಎಂದು ಬರೆಯಿರಿ.

ಕೊನೆಯಲ್ಲಿ ಸಭಿಕರೊಬ್ಬರು ಕೇಳಿದರು: ಕೊಟ್ಟ ದೂರನ್ನು ಆಮೇಲೆ ವಾಪಸ್ ತಗೋಬಹುದಾ?

ಬರೆದು ಕೊಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಇದು ನಿಮಗೂ ಅವರಿಗೂ ಇರುವ ವ್ಯಾಜ್ಯವಲ್ಲ, ರಾಜಿ ಮಾಡಿಕೊಂಡು ಮುಗಿಸಲು. ಕಾರಿನ ನಂಬರು ಒಮ್ಮೆ ದಾಖಲೆಯಲ್ಲಿ ತಾಳೆಯಾದ ಮೇಲೆ ಕಡತ ಮುಂದೆ ಹೋಗುತ್ತದೆ. ನಿಮ್ಮ ವಾಪಸಾತಿ ಪತ್ರಕ್ಕೂ ಒಂದು ಪುಟಸಂಖ್ಯೆ ಹಾಕಿ ಅದೇ ಕಡತದೊಳಗೆ ಸೇರಿಸುತ್ತಾರೆ.